ಶ್ಯಾನುಭೋಗರಿಲ್ಲದ ಜಮೀನು

ಮಾಘದಿಂದ ವೈಶಾಖದವರೆಗೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಛತ್ರಗಳಲ್ಲಿ ಗಟ್ಟಿಮೇಳ ನಿಲ್ಲುವುದಿಲ್ಲ. ಆಷಾಢ ಬಂತೆಂದರೆ ನಮ್ಮ ಸ್ಟುಡಿಯೋದಲ್ಲಿ ಫೋನು ನಿಲ್ಲುವುದಿಲ್ಲ. ‘ವಿಡಿಯೋ ಯಾವಾಗ ಕೊಡ್ತೀರಿ?’ ಎಂದು ಮದುಮಗಳ ತಂದೆ ಮೆತ್ತಗೆ ಕೇಳುತ್ತಾರೆ, ಮದುಮಗನ ಭಾವ ಜೋರಾಗಿ ಕೇಳುತ್ತಾನೆ, ಮದುಮಗಳು ಏನೂ ಕೇಳದೆ ವಾಟ್ಸಾಪಿನಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸುತ್ತಾಳೆ. ಮೂವರಿಗೂ ನನ್ನದು ಒಂದೇ ಉತ್ತರ: ‘ರೆಂಡರ್ ಆಗ್ತಾ ಐತೆ.’ ರೆಂಡರ್ ಎಂದರೇನೆಂದು ಗೊತ್ತಿಲ್ಲದ ಜನ ಇರುವವರೆಗೆ ನಮ್ಮ ಕಸುಬಿಗೆ ಭಯವಿಲ್ಲ.

ಹಿಂದೆ ಒಂದು ಕ್ಯಾಮೆರಾ, ಲೈಟು ಹಿಡಿದು ಅಡ್ಡ ನಿಲ್ಲುವ ಒಬ್ಬ ಹುಡುಗ, ಒಂದು ಕ್ಯಾಸೆಟ್ಟು ಇದ್ದರೆ ಮದುವೆ ಮುಗಿಯುತ್ತಿತ್ತು. ಈಗ ಕೆಳಗೆ ನಾಲ್ಕು ಕ್ಯಾಮೆರಾ, ಮೇಲೊಂದು ಡ್ರೋನು. ಮದುವೆಗೂ ಮುಂಚೆ ಕೆಮ್ಮಣ್ಣುಗುಂಡಿಯ ಮಂಜಿನಲ್ಲಿ ಒಂದು ಹಾಡು, ಕಲ್ಲತ್ತಿಗಿರಿಯ ನೀರಿನಲ್ಲಿ ಒಂದು, ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ಎದುರು ಸೂರ್ಯ ಮುಳುಗುವಾಗ ಇನ್ನೊಂದು. ಇಷ್ಟನ್ನೂ ಕತ್ತರಿಸಿ ಜೋಡಿಸಲು ನಾವು ಮೂವರು. ಮುಹೂರ್ತದ ಪೂರ್ಣ ವಿಡಿಯೋ ಕಡೂರಿನ ಹುಡುಗನದು. ಕಣ್ಣಲ್ಲಿ ನೀರು ತರಿಸುವ ಹೈಲೈಟ್ಸು ತರೀಕೆರೆಯ ಹುಡುಗನದು. ನಾನು ಅಜ್ಜಂಪುರದವನು, ಯಜಮಾನ. ಆರತಕ್ಷತೆಯನ್ನು ಜೋಡಿಸುತ್ತ ಫೋನಿಗೆ ಸುಳ್ಳು ಹೇಳುವುದು ನನ್ನ ಪಾಲು. ಮೂವರಿಗೂ ಬೇಕಾದ್ದು ಅವೇ ದೃಶ್ಯಗಳು. ಅವು ಇರುವುದು ಒಂದು ಹಾರ್ಡ್‌ಡಿಸ್ಕಿನಲ್ಲಿ. ಆ ಡಿಸ್ಕು ಯಾವಾಗಲೂ ಇನ್ನೊಬ್ಬನ ಹತ್ತಿರ ಇರುತ್ತದೆ. ಮೇಜಿನಿಂದ ಮೇಜಿಗೆ ಅದನ್ನು ಕೈಯಲ್ಲಿ ಹೊತ್ತು ನಡೆಯುವುದೇ ನಮ್ಮ ನೆಟ್‌ವರ್ಕು. ‘ಬೀರೂರು ಮದುವೆ ಫೈನಲ್’, ‘ಬೀರೂರು ಮದುವೆ ನಿಜವಾದ ಫೈನಲ್’, ‘ಇದನ್ನು ಮುಟ್ಟಬೇಡಿ’ ಎಂದು ಪಟ್ಟಿ ಅಂಟಿಸಿದ ಡಿಸ್ಕುಗಳು ಸ್ಟುಡಿಯೋ ತುಂಬ.

ಇಂಥ ಹೊತ್ತಿನಲ್ಲಿ ಬೆಂಗಳೂರಿನಲ್ಲೊಂದು ಸ್ಟುಡಿಯೋ ಬಾಗಿಲು ಹಾಕುತ್ತಿದೆಯೆಂದೂ ಅದರ ಫೈಬರ್ ಚಾನೆಲ್ ಸ್ಟೋರೇಜು ಅಗ್ಗಕ್ಕೆ ಸಿಗುತ್ತದೆಂದೂ ಸುದ್ದಿ ಬಂತು. ಪೆಟ್ಟಿಗೆಯೊಂದರಲ್ಲಿ 16 ಡಿಸ್ಕು, ತಲಾ 2 ಟೆರಾಬೈಟು; ಜೊತೆಗೊಂದು ಸ್ವಿಚ್ಚು; ಕಂಪ್ಯೂಟರುಗಳಿಗೆ ಸಿಕ್ಕಿಸುವ ಎಚ್‌ಬಿಎ ಕಾರ್ಡುಗಳು; ಕಂತೆ ಕಂತೆ ಗಾಜಿನೆಳೆಯ ಕೇಬಲ್ಲು. 1988ರಲ್ಲಿ ಕೆಲಸ ಶುರುವಾಗಿ 1994ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಮುದ್ರೆ ಬಿದ್ದ ವಿದ್ಯೆ ಇದು. ಡಿಸ್ಕು ಎಲ್ಲೋ, ಕಂಪ್ಯೂಟರು ಎಲ್ಲೋ, ನಡುವೆ ಓಡುವುದು ಬೆಳಕು. ಆದರೆ ಪ್ರತಿ ಕಂಪ್ಯೂಟರಿಗೂ ಆ ಡಿಸ್ಕು ತನ್ನ ಹೊಟ್ಟೆಯೊಳಗೇ ಇದೆ, ತನ್ನೊಬ್ಬನದೇ ಎಂಬ ಭ್ರಮೆ. ಈ ಭ್ರಮೆಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಉಳಿದದ್ದು, 8 ಗಿಗಾಬಿಟ್ಟಿನ ಒಂದು ಎಳೆಯಲ್ಲಿ ಸೆಕೆಂಡಿಗೆ ಸುಮಾರು 800 ಮೆಗಾಬೈಟು ಹರಿಯುತ್ತದೆ ಎಂಬ ಅಂಕಿ ಮಾತ್ರ.

ವೇಗವೆಂದರೆ ನಮ್ಮೂರಿಗೆ ಹಳೆಯ ಮೋಹ. ಹೈದರ್, ಟಿಪ್ಪುವಿನ ದಂಡಿಗೆ ಫಿರಂಗಿ ಎಳೆದ ಅಮೃತಮಹಲ್ ದನಗಳ ತಳಿ ಕೇಂದ್ರ ಇರುವುದು ಅಜ್ಜಂಪುರದಲ್ಲೇ. ಆ ತಳಿ ಓಟಕ್ಕೆ ಹೆಸರುವಾಸಿ, ಹಾಲಿಗಲ್ಲ. ಎರಡನೆಯ ಸಂಗತಿ ಹೊತ್ತಿಗೆ ಸರಿಯಾಗಿ ಯಾರಿಗೂ ನೆನಪಾಗುವುದಿಲ್ಲ.

ಪೆಟ್ಟಿಗೆಯನ್ನು ಊರಿಗೆ ತರುವುದು ಹೇಗೆ? ವೇಗದ ರೈಲುಗಳಲ್ಲಿ ಬಹುಪಾಲು ಬೀರೂರಿನಲ್ಲಿ ನಿಂತು, ಅಜ್ಜಂಪುರವನ್ನು ಕಿಟಕಿಯಿಂದ ನೋಡಿ ಮುಂದೆ ಹೋಗುತ್ತವೆ. ಆದರೆ ನಮ್ಮ ಕಡೆಯ ಈರುಳ್ಳಿ ಲಾರಿಗಳು ಯಶವಂತಪುರದ ಮಾರುಕಟ್ಟೆಗೆ ಹೋಗಿ ಖಾಲಿ ಬರುತ್ತವೆ. ಹೀಗೆ ದೃಶ್ಯಮಾಧ್ಯಮದ ಅತ್ಯುನ್ನತ ತಂತ್ರಜ್ಞಾನವು ಈರುಳ್ಳಿ ಸಿಪ್ಪೆಯ ಹಾಸಿಗೆಯ ಮೇಲೆ ಮಲಗಿ ಅಜ್ಜಂಪುರ ಪ್ರವೇಶ ಮಾಡಿತು. ಕೇಬಲ್ಲುಗಳ ಮೂತಿಗೆ, ಸ್ವಿಚ್ಚಿನ ತೂತುಗಳಿಗೆ ಪುಟ್ಟ ಪುಟ್ಟ ರಬ್ಬರ್ ಮುಚ್ಚಳ ಹಾಕಿದ್ದರು. ಸುಮ್ಮನೆ ಹೊರೆ ಯಾಕೆಂದು ಅವನ್ನೆಲ್ಲ ಬಿಚ್ಚಿ ಬೆಂಗಳೂರಿನಲ್ಲೇ ಬಿಟ್ಟು ಬಂದಿದ್ದೆ.

ಹಿತ್ತಿಲ ಉಗ್ರಾಣದಲ್ಲಿ ಅಡಿಕೆ ಮೂಟೆ ಸರಿಸಿ ಪೆಟ್ಟಿಗೆಯನ್ನು ಪ್ರತಿಷ್ಠಾಪಿಸಿದೆವು. ಅಮ್ಮ ಕಾಯಿ ಒಡೆದು, ಅರಿಶಿನ ಕುಂಕುಮ ಧಾರಾಳವಾಗಿ ಏರಿಸಿದಳು. ಪೆಟ್ಟಿಗೆಯ ಮುಂಭಾಗ ಗಾಳಿ ಒಳಗೆಳೆಯುವ ಭಾಗವೆಂದು ಸ್ವಿಚ್ಚು ಒತ್ತಿದ ಮೇಲೆ ಗೊತ್ತಾಯಿತು. ಕುಂಕುಮವೆಲ್ಲ ಒಂದೇ ಉಸಿರಿಗೆ ಒಳಗೆ ಹೋಗಿ, ಹಿಂದಿನಿಂದ ನನ್ನ ಬಿಳಿ ಅಂಗಿಯ ಮೇಲೆ ಬಂತು. ಸದ್ದಿಗೆ ಪಕ್ಕದ ಮನೆಯವರು ಎದ್ದು ಬಂದು, ‘ಮೋಟ್ರು ಬಂದ್ ಮಾಡೋದು ಮರ್ತಿದೀರೇನೋ’ ಎಂದರು. ಫೈಬರ್ ಚಾನೆಲ್ ಹಾಕಿಸಿದ್ದಾರೆ ಎಂಬ ಸುದ್ದಿ ಸಂತೆಗೆ ಹಬ್ಬಿ, ಬಟ್ಟೆ ಅಂಗಡಿಯವರೊಬ್ಬರು ನಮ್ಮ ಚಾನೆಲ್ಲಿನಲ್ಲಿ ಹತ್ತು ಸೆಕೆಂಡಿನ ಜಾಹೀರಾತಿಗೆ ರೇಟು ವಿಚಾರಿಸಿದರು.

ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ‘ಪೀಂ’ ಎನ್ನತೊಡಗಿತು. ಒಳಗಿನ ಕ್ಯಾಶೆ ಕಾಯುವ ಬ್ಯಾಟರಿ ಸತ್ತಿತ್ತು. ಬ್ಯಾಟರಿ ಸತ್ತರೆ ಪೆಟ್ಟಿಗೆ ನೆನಪಿನ ಮೇಲಿನ ಭರವಸೆ ಬಿಟ್ಟು ಪ್ರತಿಯೊಂದನ್ನೂ ನೇರ ಡಿಸ್ಕಿಗೇ ಬರೆಯುತ್ತದೆ, ಬರೆಯುವ ವೇಗ ಕುಸಿಯುತ್ತದೆ. ಇದನ್ನು ಆಮೇಲೆ ಓದಿ ತಿಳಿದೆ. ಆ ರಾತ್ರಿ ಮಟ್ಟಿಗೆ ಅಮ್ಮ ಪ್ರತಿ ‘ಪೀಂ’ಗೂ ನೆಲ ಕುಟ್ಟಿ ‘ಕೃಷ್ಣ ಕೃಷ್ಣ’ ಎಂದಳು. ‘ಇನ್ನು ಯಾವ ಮದುವೆ ವಿಡಿಯೋನೂ ತಡ ಆಗಲ್ಲ’ ಎಂದು ನಾನು ಹೇಳುತ್ತಿದ್ದಾಗಲೇ ಅದು ಕೂಗಿದ್ದರಿಂದ, ಹಲ್ಲಿ ನುಡಿದಿದೆ, ಮಾತು ಸತ್ಯವಾಗುತ್ತದೆ ಎಂದು ಅವಳಿಗೆ ಪೂರ್ತಿ ನಂಬಿಕೆ ಬಂತು.

ಮಾರನೆಯ ದಿನ ಜೋಡಣೆ. ಕಂತೆಯಲ್ಲಿ ಹಸಿರುನೀಲಿ ಕೇಬಲ್ಲುಗಳಿದ್ದವು, ಹಳದಿಯವೂ ಇದ್ದವು. ಶುಭಕಾರ್ಯದ ವಿಡಿಯೋ ಹರಿಯುವ ದಾರಿ ಅರಿಶಿನದ ಬಣ್ಣದ್ದೇ ಇರಲಿ ಎಂದು ನಾನು ಹಳದಿ ಆರಿಸಿದೆ. ಹಳದಿ ಕವಚದ ಎಳೆಯಲ್ಲಿ ಬೆಳಕು ಓಡುವ ತಿರುಳು 9 ಮೈಕ್ರಾನು, ಹಸಿರುನೀಲಿಯದರಲ್ಲಿ 50. ಪೋರ್ಟುಗಳಲ್ಲಿ ಕೂತು ಬೆಳಕು ಬಿಡುವ ನಮ್ಮ ಮಾಡ್ಯೂಲುಗಳು 50ರ ಎಳೆಗೆಂದು ಮಾಡಿದವು. ಆ ಬೆಳಕನ್ನು 9 ಮೈಕ್ರಾನಿನೊಳಗೆ ತುರುಕಲು ಹೊರಟರೆ ಬಹುಪಾಲು ಬಾಗಿಲಲ್ಲೇ ಚೆಲ್ಲಿಹೋಗುತ್ತದೆ. ಸ್ವಿಚ್ಚಿನ ಪೋರ್ಟುಗಳ ದೀಪ ಹತ್ತಲಿಲ್ಲ. ಬೆಳಕು ಬರುತ್ತಿದೆಯೋ ಇಲ್ಲವೋ ನೋಡೋಣವೆಂದು ನಾನು ಕೇಬಲ್ಲಿನ ಮೂತಿಯನ್ನು ಕಣ್ಣಿಗೆ ಹಿಡಿಯಲು ಹೋದಾಗ ಕಡೂರಿನ ಹುಡುಗ ಕೈ ಹಿಡಿದೆಳೆದ. ಅದು 850 ನ್ಯಾನೊಮೀಟರಿನ ಅವಗೆಂಪು ಲೇಸರ್. ಕಣ್ಣಿಗೆ ಕಾಣದು, ಕಣ್ಣನ್ನು ಮಾತ್ರ ಬಿಡದು. ಆಮೇಲೆ ಮಾಡ್ಯೂಲಿನ ಮೂತಿಗೆ ಅವನ ಹಳೆಯ ಮೊಬೈಲಿನ ಕ್ಯಾಮೆರಾ ಹಿಡಿದು ನೋಡಿದೆವು, ತೆಳುವಾದ ನೇರಳೆ ಚುಕ್ಕಿ ಕಾಣಿಸಿತು. ಮಾಡ್ಯೂಲಿಗೆ ಜೀವ ಇತ್ತು. ಹಸಿರುನೀಲಿ ಕೇಬಲ್ಲು ಹಾಕಿದರೂ ಒಂದು ದೀಪ ಹತ್ತಿತು, ಒಂದು ಮಿಣುಕಿತು, ಮೂರನೆಯದು ಸುಮ್ಮನಿತ್ತು. ಕೇಬಲ್ಲು, ಮಾಡ್ಯೂಲು, ಪೋರ್ಟು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದೆ. ಮೂರನೆಯದು ಹತ್ತಿತು, ಮೊದಲನೆಯದು ಆರಿತು.

ಬೀರೂರಿನ ನನ್ನ ಸಹಪಾಠಿಯೊಬ್ಬ ಬೆಂಗಳೂರಿನ ಸುದ್ದಿವಾಹಿನಿಯಲ್ಲಿ ಇಂಥದೇ ಯಂತ್ರಗಳನ್ನು ಸಾಕಿದವನು. ಫೋನು ಮಾಡಿದೆ.

‘ಒಂದು ಸಲಕ್ಕೆ ಒಂದೇ ಬದಲಾಯಿಸು’ ಎಂದ. ‘ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಸರಿಹೋದ್ರೂ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ. ಸ್ವಿಚ್ಚಿನೊಳಗೆ ಹೋಗಿ ಪೋರ್ಟ್ ಕೌಂಟರ್ ನೋಡು. ಸಿಆರ್‌ಸಿ ಎರರ್ ಏರ್ತಾ ಇದ್ರೆ ಆ ದಾರೀಲಿ ಕೊಳೆ ಇದೆ ಅಂತ ಅರ್ಥ. ಮೂತಿ ಒರೆಸಿದೀಯಾ?’

‘ಒರೆಸಿದೀನಿ.’

‘ಯಾವುದರಲ್ಲಿ?’

‘ಪಂಚೆ ಚುಂಗಲ್ಲಿ.’

ಆ ಕಡೆ ಉಸಿರು ಬಿಟ್ಟ ಸದ್ದು. ಗಾಜಿನೆಳೆಯ ಜಾಲದಲ್ಲಿ ಅತಿ ಸಾಮಾನ್ಯವಾದ ರೋಗ ಮೂತಿಯ ಮೇಲಿನ ಕೊಳೆ. ಮನುಷ್ಯನ ಕೂದಲೇ 70ರಿಂದ 100 ಮೈಕ್ರಾನು ದಪ್ಪ. 50 ಮೈಕ್ರಾನಿನ ಬಾಗಿಲಿಗೆ ಒಂದು ಧೂಳಿನ ಕಣ ಸಾಕು. ನಮ್ಮಲ್ಲಿ ಕಣವಲ್ಲ, ಮಿಣುಕುತ್ತಿದ್ದ ಪೋರ್ಟಿನೊಳಗೆ ಈರುಳ್ಳಿ ಸಿಪ್ಪೆಯ ಒಂದು ಚೂರು ಗುಲಾಬಿ ಬಣ್ಣದಲ್ಲಿ ಪಾರದರ್ಶಕವಾಗಿ ಅಂಟಿಕೊಂಡಿತ್ತು. ಪಂಚೆಯ ನೂಲಿನ ಪುಡಿ ಅದಕ್ಕೆ ಹೊದಿಕೆ. ಮೇಲೆ ಅಮ್ಮನ ಕುಂಕುಮ. ನೂಲು ಬಿಡದ ಒರೆಸು ಹಾಳೆ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲು ತರಿಸಿ ಒಂದೊಂದೇ ಮೂತಿ ಒರೆಸಿದೆವು. ಉಳಿದ ಕೇಬಲ್ಲನ್ನು ನಾನು ಅಂದವಾಗಿ ಮಡಚಿ ಅಡಿಕೆ ಪಟ್ಟೆಯ ದಾರದಿಂದ ಬಿಗಿದು ಮೊಳೆಗೆ ನೇತುಹಾಕಿದ್ದೆ. ಬಿಗಿಯಾಗಿ ಬಾಗಿದ ಗಾಜಿನಿಂದ ಬೆಳಕು ಸೋರುತ್ತದಂತೆ, ಅದನ್ನೂ ಬಿಚ್ಚಿದೆವು. ದೀಪಗಳು ಹತ್ತಿದವು. ಕೌಂಟರು ನಿಂತಿತು.

ಕರೆಂಟು ಹೋಗಿ ಬಂದಾಗ ಮತ್ತೆ ಡಿಸ್ಕು ಮಾಯ. ಇದರ ಮದ್ದು ಸುಲಭ: ಮೊದಲು ಸ್ವಿಚ್ಚು, ಆಮೇಲೆ ಪೆಟ್ಟಿಗೆ, ಅದು ಪೂರ್ತಿ ಎದ್ದ ಮೇಲೆ ಕೊನೆಗೆ ಕಂಪ್ಯೂಟರುಗಳು. ಎಲ್ಲವನ್ನೂ ಒಟ್ಟಿಗೆ ಎಬ್ಬಿಸಿದರೆ ಕಂಪ್ಯೂಟರು ಬೇಗ ಎದ್ದು, ಡಿಸ್ಕು ಕಾಣದೆ, ಇಲ್ಲವೇ ಇಲ್ಲ ಎಂದು ತೀರ್ಮಾನಿಸಿ ಕೂತುಬಿಡುತ್ತದೆ.

ಇನ್ನು ಝೋನಿಂಗು. ಯಾವ ಕಂಪ್ಯೂಟರಿಗೆ ಯಾವ ಡಿಸ್ಕು ಕಾಣಬೇಕು ಎಂದು ಸ್ವಿಚ್ಚಿನಲ್ಲಿ ಬೇಲಿ ಹಾಕುವ ವ್ಯವಸ್ಥೆ. ಪ್ರತಿ ಕಾರ್ಡಿಗೂ 16 ಅಂಕಿ-ಅಕ್ಷರಗಳ ಹೆಸರು ಇರುತ್ತದೆ. ಅದನ್ನು ನೋಡಿ ನೋಡಿ ಬರೆಯಬೇಕು. ನಾನು ಉದಾರಿ. ಎಲ್ಲರಿಗೂ ಎಲ್ಲವೂ ಕಾಣಲಿ ಎಂದು ಬೇಲಿಯನ್ನೇ ಕಿತ್ತೆ. ಮೂರೂ ಕಂಪ್ಯೂಟರಿನಲ್ಲಿ ಒಂದೇ ದೊಡ್ಡ ಡಿಸ್ಕು ಮೂಡಿತು. ಒಂದರಿಂದ ಫಾರ್ಮ್ಯಾಟ್ ಮಾಡಿದೆವು, ಇನ್ನೆರಡರಲ್ಲೂ ತಾನಾಗಿ ಕಾಣಿಸಿತು. ಆಹಾ! ನಾಲ್ಕು ಕ್ಯಾಮೆರಾದ ದೃಶ್ಯ ಒಂದು ತೊದಲೂ ಇಲ್ಲದೆ ಓಡಿತು. ಹಳೆಯ ಹಾರ್ಡ್‌ಡಿಸ್ಕುಗಳನ್ನೆಲ್ಲ ಅಳಿಸಿ ಮಾರಿಬಿಡಿ ಎಂದು ಅಪ್ಪಣೆ ಕೊಟ್ಟು, ಫೋನೆತ್ತಿ ಎಲ್ಲ ಮಾವಂದಿರಿಗೂ ಮುಂದಿನ ವಾರದ ದಿನಾಂಕ ಕೊಟ್ಟೆ.

ಆ ವಾರ ಕಡೂರಿನ ಮದುವೆಯೊಂದರ ವಿಡಿಯೋ ನೋಡಲು ಹುಡುಗಿಯ ಮನೆಯವರೆಲ್ಲ ಸ್ಟುಡಿಯೋಕ್ಕೆ ಬಂದರು. ಚಾಪೆ ಹಾಸಿ, ಕಾಫಿ ಕೊಟ್ಟು, ಪರದೆ ಎಳೆದೆ. ವರಪೂಜೆ ಬಂತು, ಕಾಶಿಯಾತ್ರೆ ಬಂತು. ಪುರೋಹಿತರು ಗಟ್ಟಿಮೇಳ ಎಂದರು. ಮದುಮಗಳು ತಲೆ ತಗ್ಗಿಸಿದಳು. ಮುಂದಿನ ದೃಶ್ಯದಲ್ಲಿ ತಾಳಿ ಕಟ್ಟಿದವನು ತರೀಕೆರೆಯ ಮದುಮಗ.

ಕೆಲ ಗಳಿಗೆ ಯಾರೂ ಮಾತಾಡಲಿಲ್ಲ. ಹುಡುಗಿಯ ಅಜ್ಜಿ ಮಾತ್ರ, ‘ಇವ್ನು ಇನ್ನೂ ಲಕ್ಷಣವಾಗವ್ನೆ’ ಎಂದರು.

ತೆರೆದ ಕಡತದ ಹೆಸರು ಸರಿಯಾಗಿತ್ತು, ‘ಕಡೂರು ಮುಹೂರ್ತ ಕ್ಯಾಮೆರಾ 2’. ಒಳಗಿದ್ದದ್ದು ಬೇರೆ ಮದುವೆ. ಇನ್ನೊಂದು ತೆರೆದರೆ ಪರದೆ ತುಂಬ ಹಸಿರು. ಮತ್ತೊಂದು ತೆರೆಯಲೇ ಇಲ್ಲ. ನಮ್ಮೂರ ಹೆಸರು ಹೊತ್ತ ಅಜ್ಜಂಪುರ ಸೀತಾರಾಂ ಅವರು ‘ಆನಂದ’ ಎಂಬ ಕಾವ್ಯನಾಮದಲ್ಲಿ ‘ನಾನು ಕೊಂದ ಹುಡುಗಿ’ ಎಂಬ ಕತೆ ಬರೆದು ಪ್ರಸಿದ್ಧರಾದರು. ‘ನಾನು ಕಳೆದ ಹುಡುಗ’ ಬರೆಯುವ ಅರ್ಹತೆ ಆ ದಿನ ನನಗೆ ಬಂತು.

ಬೀರೂರಿನ ಗೆಳೆಯನಿಗೆ ಮತ್ತೆ ಫೋನು. ಅವನು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮ ಮೆಟಾಡೇಟಾ ಕಂಟ್ರೋಲರ್ ಎಲ್ಲಿದೆ?’ ಅದೇನೆಂದು ಕೇಳಿದೆ. ಆಮೇಲೆ ಬಹಳ ಹೊತ್ತು ಅವನ ನಗು ಮಾತ್ರ ಕೇಳಿಸಿತು.

ಅವನು ವಿವರಿಸಿದ್ದನ್ನು ನಮ್ಮ ಕಡೆಯ ಭಾಷೆಯಲ್ಲಿ ಹೇಳುತ್ತೇನೆ. ಒಂದೇ ಊರಿನ ಜಮೀನಿಗೆ ಮೂವರು ಶ್ಯಾನುಭೋಗರು. ಮೂವರ ಮನೆಯಲ್ಲೂ ಒಂದೊಂದು ಖಾತೆ ಪುಸ್ತಕ, ಒಬ್ಬರದನ್ನೊಬ್ಬರು ನೋಡುವ ಪದ್ಧತಿಯಿಲ್ಲ. ಬೆಳಿಗ್ಗೆ ಮೂವರ ಪುಸ್ತಕವೂ ಒಂದೇ ಥರ ಇರುತ್ತದೆ. ಕಡೂರಿನ ಶ್ಯಾನುಭೋಗ ತನ್ನ ಪುಸ್ತಕ ನೋಡಿ, ಈ ಸರ್ವೆ ನಂಬರು ಬೀಳು ಬಿದ್ದಿದೆ ಎಂದು ಮುಹೂರ್ತವನ್ನು ಅಲ್ಲಿ ಬಿತ್ತುತ್ತಾನೆ. ಅದೇ ಗಳಿಗೆಯಲ್ಲಿ ತರೀಕೆರೆಯ ಶ್ಯಾನುಭೋಗನ ಪುಸ್ತಕದಲ್ಲೂ ಅದು ಬೀಳೇ. ಅವನು ಅದರ ಮೇಲೇ ಹೈಲೈಟ್ಸು ಬಿತ್ತುತ್ತಾನೆ. ನಾನು ಇಬ್ಬರ ಮೇಲೂ ಆರತಕ್ಷತೆ ಉಳುತ್ತೇನೆ. ಕೊನೆಗೆ ಬರೆದವನದೇ ಹಕ್ಕು. ಮನುಷ್ಯ ಶ್ಯಾನುಭೋಗರಾಗಿದ್ದರೆ ತಗಾದೆಯಾಗಿ ಕೋರ್ಟಿಗಾದರೂ ಹೋಗುತ್ತಿತ್ತು. ಕಂಪ್ಯೂಟರುಗಳಿಗೆ ತಗಾದೆಯಿದೆ ಎಂಬುದೇ ತಿಳಿಯುವುದಿಲ್ಲ, ಪ್ರತಿಯೊಂದಕ್ಕೂ ಜಮೀನು ತನ್ನೊಬ್ಬನದೇ.

ಅದಕ್ಕೇ ಟಿವಿಯವರು ಎಲ್ಲರಿಗೂ ಒಬ್ಬನೇ ಶ್ಯಾನುಭೋಗನನ್ನು ನೇಮಿಸುತ್ತಾರೆ. ಮೆಟಾಡೇಟಾ ಕಂಟ್ರೋಲರ್ ಎಂಬ ಪ್ರತ್ಯೇಕ ಕಂಪ್ಯೂಟರು. ಯಾರು ಎಲ್ಲಿ ಬರೆಯಬೇಕೆಂದರೂ ಮೊದಲು ಮಾಮೂಲಿ ನೆಟ್‌ವರ್ಕ್ ತಂತಿಯ ಮೇಲೆ ಅದರ ಅಪ್ಪಣೆ ಕೇಳಬೇಕು, ಆಮೇಲೆ ವಿಡಿಯೋ ಬೆಳಕಿನ ದಾರಿಯಲ್ಲಿ ಹೋಗುತ್ತದೆ. ಆಪಲ್ 2005ರಲ್ಲಿ ಹೊರತಂದ ಎಕ್ಸ್‌ಸ್ಯಾನ್, ಅದಕ್ಕೆ ಬುಡವಾದ ಸ್ಟೋರ್‌ನೆಕ್ಸ್ಟ್ ಎಲ್ಲ ಈ ಶ್ಯಾನುಭೋಗಿಕೆಯ ತಂತ್ರಾಂಶಗಳೇ. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಶ್ಯಾನುಭೋಗಿಕೆಯನ್ನು 1961ರ ಕಾಯ್ದೆ ತೆಗೆದುಹಾಕಿತು. ಸ್ಟೋರೇಜಿನಲ್ಲಿ ತೆಗೆಯಲು ಯಾರಿಗೂ ಸಾಧ್ಯವಾಗಿಲ್ಲ. ನಾನಂತೂ ಶ್ಯಾನುಭೋಗನನ್ನು ಬೆಂಗಳೂರಿನಲ್ಲೇ ಬಿಟ್ಟು ಬರೀ ಜಮೀನನ್ನು ಲಾರಿಯಲ್ಲಿ ಹೇರಿಕೊಂಡು ಬಂದಿದ್ದೆ. ‘ಆ ಹಳೇ ಕಂಪ್ಯೂಟರು ಬೇಕಾ?’ ಎಂದು ಮಾರಿದವರು ಕೇಳಿದ್ದರು ಕೂಡ. ಹಳೆಯದು ಯಾಕೆ ಎಂದಿದ್ದೆ.

‘ಈಗ ಏನೂ ಮಾಡಬೇಡ, ಎರಡು ಕೇಬಲ್ಲು ಕೀಳು’ ಎಂದ ಗೆಳೆಯ. ಈ ಮಾತು ಒಂದು ದಿನ ಮುಂಚೆ ಬರಬೇಕಿತ್ತು. ಅಷ್ಟರಲ್ಲಿ ನಾನು ಡಿಸ್ಕು ರಿಪೇರಿಗೆಂದು ಚೆಕ್‌ಡಿಸ್ಕ್ ಓಡಿಸಿಯಾಗಿತ್ತು. ಬೇಗ ಮುಗಿಯಲೆಂದು ಮೂರೂ ಕಂಪ್ಯೂಟರಿನಿಂದ ಒಟ್ಟಿಗೆ. ಒಂದು ಸರಿಮಾಡಿದ್ದನ್ನು ಇನ್ನೊಂದು ತಪ್ಪೆಂದು ಮತ್ತೆ ಸರಿಮಾಡಿ, ಮೂರನೆಯದು ಇಬ್ಬರನ್ನೂ ತಿದ್ದಿ, ಕೊನೆಗೆ ‘ಫೌಂಡ್ 000’ ಎಂಬ ಫೋಲ್ಡರಿನಲ್ಲಿ ಹೆಸರು, ಕುಲ, ಗೋತ್ರವಿಲ್ಲದ ತುಣುಕುಗಳನ್ನು ರಾಶಿ ಹಾಕಿದ್ದವು.

ಉಳಿಸಿದವನು ತರೀಕೆರೆಯ ಹುಡುಗ. ಹಳೆಯ ಡಿಸ್ಕುಗಳನ್ನು ಅಳಿಸಿ ಮಾರಿ ಎಂದ ನನ್ನ ಅಪ್ಪಣೆಯನ್ನು ಅವನು ಕಿವಿಗೇ ಹಾಕಿಕೊಂಡಿರಲಿಲ್ಲ. ಕ್ಯಾಮೆರಾ ಕಾರ್ಡಿನಿಂದ ಇಳಿಸಿದ ಮೂಲ ದೃಶ್ಯಗಳೆಲ್ಲ ಅವನ ಮಂಚದ ಕೆಳಗೆ ಪಟ್ಟಿ ಅಂಟಿಸಿಕೊಂಡು ಸುರಕ್ಷಿತವಾಗಿದ್ದವು. ಯಜಮಾನನ ಮಾತು ಮೀರಿದ್ದಕ್ಕೆ ಸಂಬಳ ಏರಿಸಿದ್ದು ನಮ್ಮ ಸ್ಟುಡಿಯೋ ಇತಿಹಾಸದಲ್ಲಿ ಅದೇ ಮೊದಲು.

ಆಮೇಲೊಂದು ಸಂಜೆ ಕಡೂರಿನ ಹುಡುಗ ಯಾರದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಬರೆದ. ನಾವು ಬಳಸುವ ಪ್ರೋರೆಸ್ 422ರ ಒಂದು ಎಚ್‌ಡಿ ದೃಶ್ಯಕ್ಕೆ, 25 ಫ್ರೇಮಿನಲ್ಲಿ, ಸೆಕೆಂಡಿಗೆ 122 ಮೆಗಾಬಿಟ್ಟು. ಬೈಟಿನಲ್ಲಿ ಹೇಳಿದರೆ ಸುಮಾರು 15 ಮೆಗಾಬೈಟು. ನಾಲ್ಕು ಕ್ಯಾಮೆರಾಕ್ಕೆ 60. ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಸುಮಾರು 110 ಹರಿಯುತ್ತದೆ. ಅಂದರೆ ಒಬ್ಬೊಬ್ಬನಿಗೂ ಒಂದೊಂದು ಮಾಮೂಲಿ ತಂತಿ, ಮೂವರ 180ನ್ನು ಹೊರಲು ಡಿಸ್ಕು ಇರುವ ಕಂಪ್ಯೂಟರಿಗೆ ಮಾತ್ರ ಒಂದು 10 ಗಿಗಾಬಿಟ್ಟಿನ ಕಾರ್ಡು. ಹತ್ತಾರು ಜನ ಒಟ್ಟಿಗೆ ಕೂತು ಎಡಿಟ್ ಮಾಡುವ ಸುದ್ದಿಮನೆಗೆ ಬೇಕಾದ ಯಂತ್ರವನ್ನು ಮೂವರ ಸ್ಟುಡಿಯೋಕ್ಕೆ ತಂದದ್ದಕ್ಕೆ ಲಗ್ನಪತ್ರಿಕೆ ಸಾಕ್ಷಿಯಾಯಿತು. ನನಗೆ ಮಾತ್ರ ಇಂಥ ಲೆಕ್ಕವನ್ನು ದುಡ್ಡು ಕೊಡುವ ಮುಂಚೆ ಬರೆಯುವವರ ಮೇಲೆ ಮೊದಲಿಂದಲೂ ಗೌರವ ಕಡಿಮೆ. ಅವರಿಗೆ ಅನುಭವವೇ ಆಗುವುದಿಲ್ಲ.

ಈಗ ಪೆಟ್ಟಿಗೆಗೆ ಒಂದೇ ಕಂಪ್ಯೂಟರು ಜೋಡಿಸಿದೆ. ಶ್ಯಾನುಭೋಗಿಕೆ ಅದರದು. ಉಳಿದವರು ಮಾಮೂಲಿ ತಂತಿಯ ಮೇಲೆ ಅದನ್ನು ಕೇಳಿ ಓದುತ್ತಾರೆ, ಕೇಳಿ ಬರೆಯುತ್ತಾರೆ. ಫೈಬರ್ ಚಾನೆಲ್ ಸ್ವಿಚ್ಚು ಉಗ್ರಾಣದ ಅಟ್ಟದ ಮೇಲಿದೆ, ಬೇಕಾದವರು ಕೇಳಬಹುದು. ಮುಚ್ಚಳಗಳು ಸಿಗುವುದಿಲ್ಲ. ವಿಡಿಯೋಗಳು ಮಾತ್ರ ಮೊದಲಿನಷ್ಟೇ ತಡವಾಗಿ ಹೋಗುತ್ತಿವೆ. ಯಾಕೆಂದರೆ ಯಾವ ಹಾಡು ಹಾಕಬೇಕೆಂದು ಬೀಗರಿನ್ನೂ ತೀರ್ಮಾನಿಸಿಲ್ಲ. ಅದಕ್ಕೆ 32 ಗಿಗಾಬಿಟ್ಟಿನ ಕೇಬಲ್ಲು ತಂದರೂ ಪ್ರಯೋಜನವಿಲ್ಲ.

ಓದುಗರಲ್ಲಿ ಒಂದು ವಿನಂತಿಯಿದೆ. ಎಲ್ಲ ಮದುವೆಗಳನ್ನೂ ಮೂಲ ದೃಶ್ಯಗಳಿಂದ ಮತ್ತೆ ಜೋಡಿಸಿ ಮುಟ್ಟಿಸಿದ ಮೇಲೂ ‘ಫೌಂಡ್ 000’ ಫೋಲ್ಡರಿನಲ್ಲಿ ಒಬ್ಬ ಮದುಮಗ ಉಳಿದುಬಿಟ್ಟಿದ್ದಾನೆ. ನಮ್ಮ ಯಾವ ಪಟ್ಟಿಗೂ ಹೊಂದುತ್ತಿಲ್ಲ. ಹಿಂದಿನ ಮಾಲೀಕರ ಕಾಲದವನೇ ಇರಬಹುದು. ಕೆಂಪು ಪೇಟ, ಚಿನ್ನದ ಬಣ್ಣದ ಕೈಗಡಿಯಾರ, ಎಡಗೆನ್ನೆಯಲ್ಲಿ ಗುಳಿ. ಹನ್ನೊಂದು ಸೆಕೆಂಡು ನಗುತ್ತಾನೆ, ಆಮೇಲೆ ಹಸಿರಾಗುತ್ತಾನೆ. ಗುರುತು ಸಿಕ್ಕವರು ಅಜ್ಜಂಪುರಕ್ಕೆ ಬಂದು ಕರೆದುಕೊಂಡು ಹೋಗಬೇಕು. ಪೆನ್‌ಡ್ರೈವ್ ನೀವೇ ತನ್ನಿ.